ಸೂರಿಲ್ಲದ ಮನೆಯಲ್ಲಿ ನಮ್ಮ ಕ್ರೋಟನ್

ನಾನು ಚಿಕ್ಕವಳಿದ್ದಾಗ ವಡಪಳನಿಯಲ್ಲಿ ಎರಡು ಬಗೆಯ ಮನೆಗಳಿದ್ದವು. ಒಂದು, ಜನ ವಾಸ ಮಾಡುವ ಮನೆಗಳು. ಇನ್ನೊಂದು, ಸಿನಿಮಾ ಸ್ಟುಡಿಯೋಗಳ ಒಳಗೆ ಹಲಗೆ, ಬಟ್ಟೆ, ಬಣ್ಣ ಸೇರಿಸಿ ಎಬ್ಬಿಸಿದ ಮನೆಗಳು. ಸಿನಿಮಾ ಮುಗಿದ ಕೂಡಲೇ ಅವನ್ನು ಕಿತ್ತುಹಾಕಿ, ಅದೇ ಜಾಗದಲ್ಲಿ ಇನ್ನೊಂದು ಮನೆ ನಿಲ್ಲಿಸುತ್ತಿದ್ದರು. ನಗಬೇಡಿ ಮಕ್ಕಳೇ, ಒಂದು ದಿನ ನಾನು ಈ ಎರಡನೆಯ ಬಗೆಯ ಮನೆಯೊಂದರ ಒಳಗೆ ಹೋದೆ, ನೋಡಿದರೆ ಅದು ನಮ್ಮದೇ ಮನೆ!

ನಮ್ಮದು ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ ಬಂದ ಕುಟುಂಬ. ಅಪ್ಪ ಸ್ಟುಡಿಯೋ ಬೀದಿಯಲ್ಲಿ ಒಂದು ಸಣ್ಣ ಹೋಟೆಲ್ ಇಟ್ಟಿದ್ದರು. ಹೋಟೆಲಿನ ಬೆನ್ನಿಗೇ ನಮ್ಮ ಮನೆ. ಒಂದು ಹಜಾರ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಾವಿ. ಅಪ್ಪ, ಅಮ್ಮ, ಅಕ್ಕ, ನಾನು. ಹಜಾರದ ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಕುಂಡದಲ್ಲಿ ಅಮ್ಮನ ಕ್ರೋಟನ್ ಗಿಡವಿತ್ತು. ಹೂವೂ ಇಲ್ಲ, ಹಣ್ಣೂ ಇಲ್ಲ, ಇದನ್ನು ಯಾಕೆ ಸಾಕುತ್ತೀ ಎಂದು ಅಪ್ಪ ಅಮ್ಮನನ್ನು ಛೇಡಿಸುತ್ತಿದ್ದರು. ಅದರ ಎಲೆ ನೋಡಿದವರು ಹಾಗೆ ಕೇಳುವುದಿಲ್ಲ. ದಪ್ಪ ಹಸಿರಿನ ಮೇಲೆ ಅರಿಸಿನದ ನೀರು ಚಿಮುಕಿಸಿದಂತೆ ಚುಕ್ಕೆಗಳು, ಬಲಿತ ಎಲೆಯ ನಡುವೆ ಒಂದು ಕೆಂಪು ನರ. ಅಮ್ಮ ಒದ್ದೆ ಬಟ್ಟೆಯಲ್ಲಿ ಅದರ ಒಂದೊಂದೇ ಎಲೆಯನ್ನು ಒರೆಸುತ್ತಿದ್ದಳು. ನನ್ನ ಮುಖವನ್ನು ಎಂದೂ ಅಷ್ಟು ಮೆತ್ತಗೆ ಒರೆಸಿದವಳಲ್ಲ.

ಆ ವರ್ಷ ಅಮ್ಮನಿಗೆ ಟೈಫಾಯ್ಡ್ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಮಕ್ಕಳನ್ನು ಒಳಗೆ ಬಿಡುವುದಿಲ್ಲವೆಂದರು. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಒಂದೇ ಮಾತು: ಗಿಡ ನೋಡಿಕೋ. ಅಷ್ಟು ಸಾಕಾಯಿತು ನನಗೆ. ಈ ಗಿಡ ಇರುವ ತನಕ ಅಮ್ಮನಿಗೆ ಏನೂ ಆಗುವುದಿಲ್ಲ, ಗಿಡ ಹೋದರೆ ಅಮ್ಮನೂ ಹೋಗುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡೆ. ಅಕ್ಕ ನಕ್ಕಾಳೆಂದು ಅವಳಿಗೆ ಹೇಳಲಿಲ್ಲ.

ಗಿಡ ಸಾಕುವುದೆಂದರೆ ನೀರು ಹಾಕುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಅಮ್ಮನ ನೆನಪಾದಾಗಲೆಲ್ಲ ಒಂದು ಚೊಂಬು ನೀರು ಸುರಿಯುತ್ತಿದ್ದೆ. ಅಮ್ಮನ ನೆನಪು ಬಿಟ್ಟರೆ ತಾನೇ! ಕುಂಡದ ಮಣ್ಣು ಗದ್ದೆಯ ಕೆಸರಾಯಿತು. ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಬಾಯಾರಿಕೆ ಇರಬೇಕೆಂದು ಇನ್ನಷ್ಟು ಸುರಿದೆ. ಬಿಸಿಲು ಬೇಕೇನೋ ಎಂದು ಹಿತ್ತಲಿಗೆ ಹೊತ್ತೆ, ಬಿಸಿಲು ಹೆಚ್ಚಾಯಿತೇನೋ ಎಂದು ಬಾವಿಕಟ್ಟೆಯ ನೆರಳಿಗೆ ತಂದೆ, ಮತ್ತೆ ಕಿಟಕಿಗೆ. ಕ್ರೋಟನ್‌ಗೆ ಜಾಗ ಬದಲಾಯಿಸಿದರೆ ಆಗಿಬರುವುದಿಲ್ಲ, ಸಿಟ್ಟಿನಲ್ಲಿ ಎಲೆ ಕಳಚುತ್ತದೆ ಎಂದು ಯಾರು ಹೇಳಬೇಕಿತ್ತು? ಉದುರಿದ ಎಲೆಗಳನ್ನು ನನ್ನ ಚಾಪೆಯ ಕೆಳಗೆ ಬಚ್ಚಿಡುತ್ತಿದ್ದೆ.

ಇದರ ನಡುವೆ ಬಂದರು ಸೆಟ್ ಮಾಮ. ಸ್ಟುಡಿಯೋದಲ್ಲಿ ಸುಳ್ಳು ಮನೆಗಳನ್ನು ಕಟ್ಟಿಸುವುದು ಅವರ ಕೆಲಸ, ಅದಕ್ಕೇ ನಾವು ಮಕ್ಕಳು ಇಟ್ಟ ಹೆಸರು ಅದು. ತಮಿಳಿನವರು, ದಿನಾ ಅಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುವವರು. ಕನ್ನಡ ಸಿನಿಮಾ ಒಂದಕ್ಕೆ ಹೋಟೆಲಿನವರ ಮನೆ ಬೇಕಾಗಿದೆಯೆಂದು ಟೇಪು ಹಿಡಿದು ನಮ್ಮ ಹಜಾರವನ್ನೆಲ್ಲ ಅಳೆದುಕೊಂಡು ಹೋದರು. ಮತ್ತೊಂದು ದಿನ ನಾನು ಶಾಲೆಯಿಂದ ಬಂದು ನೋಡಿದರೆ ಕಿಟಕಿ ಕಟ್ಟೆ ಖಾಲಿ, ಕುಂಡ ಇದ್ದ ಕಡೆ ಒಂದು ಒದ್ದೆ ಬಳೆ. ಎರಡು ದಿನಕ್ಕೆಂದು ಅಪ್ಪ ಗಿಡವನ್ನು ಸೆಟ್ ಮಾಮನಿಗೆ ಕೊಟ್ಟುಬಿಟ್ಟಿದ್ದರು. ಇಲ್ಲ ಎನ್ನುವ ಮಾತು ಅಪ್ಪನ ಬಾಯಿಗೆ ಬರುತ್ತಲೇ ಇರಲಿಲ್ಲ. ಆಸ್ಪತ್ರೆ, ಹೋಟೆಲು ಎಂದು ಓಡಾಡಿ ಅವರಿಗೂ ಆಗ ತಲೆ ನೆಟ್ಟಗಿರಲಿಲ್ಲ. ಎರಡು ದಿನವೆಂದದ್ದು ವಾರ ಕಳೆಯಿತು.

ಶನಿವಾರ ಶಾಲೆಗೆ ರಜೆ. ಅಪ್ಪ ಶೂಟಿಂಗ್‌ನವರಿಗೆ ತಿಂಡಿ ತಲುಪಿಸಲು ಹೊರಟಾಗ ನಾನೂ ಚೊಂಬಿನಲ್ಲಿ ನೀರು ತುಂಬಿಕೊಂಡು ಬೆನ್ನು ಹತ್ತಿದೆ. ಜನರೆಲ್ಲ ಇಡ್ಲಿ ಪಾತ್ರೆಯ ಸುತ್ತ ಮುತ್ತಿಕೊಂಡರು. ಅಪ್ಪ ಬಡಿಸುವುದರಲ್ಲಿ ಮುಳುಗಿದರು. ಸ್ಟುಡಿಯೋದ ದೊಡ್ಡ ಕಬ್ಬಿಣದ ಬಾಗಿಲು ಸ್ವಲ್ಪ ತೆರೆದಿತ್ತು. ನಾನು ಒಳಗೆ ನುಸುಳಿದೆ.

ಒಳಗೆ ಕತ್ತಲು. ಹಸಿ ಬಣ್ಣ, ಅಂಟು, ಮರದ ಹೊಟ್ಟಿನ ವಾಸನೆ. ಹೊರಗಿನ ಗಲಾಟೆ ಒಂದೂ ಒಳಗೆ ಕೇಳಿಸುತ್ತಿರಲಿಲ್ಲ, ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಎತ್ತರದಲ್ಲೆಲ್ಲೋ ಒಂದೇ ಒಂದು ದೀಪ ಉರಿಯುತ್ತಿತ್ತು. ಅದರ ಕೆಳಗೆ ನಮ್ಮ ಮನೆ ನಿಂತಿತ್ತು.

ಬಾಗಿಲು ತಳ್ಳಿದರೆ ಅದಕ್ಕೆ ಭಾರವೇ ಇರಲಿಲ್ಲ. ಹಜಾರದಲ್ಲಿ ನಮ್ಮ ಬೆಂಚು, ನಮ್ಮ ಗೋಡೆಯ ಬಿರುಕು, ದೇವರ ಗೂಡಿನ ಮೇಲೆ ನಮ್ಮ ದೀಪದ ಮಸಿ. ಬಾಗಿಲ ಚೌಕಟ್ಟಿನ ಮೇಲೆ ದೀಪಾವಳಿಗೊಮ್ಮೆ ಅಕ್ಕನನ್ನೂ ನನ್ನನ್ನೂ ನಿಲ್ಲಿಸಿ ಎತ್ತರ ಗುರುತಿಸಲು ಅಮ್ಮ ಎಳೆಯುತ್ತಿದ್ದ ಸೀಸದಕಡ್ಡಿಯ ಗೆರೆಗಳೂ ಇದ್ದವು. ಯಾರು ಎಳೆದರು ಇವನ್ನು? ಬೆನ್ನು ಕೊಟ್ಟು ನಿಂತೆ. ಗೆರೆ ಸರಿಯಾಗಿ ನನ್ನ ನೆತ್ತಿಗೆ ಬಂತು. ಮೇಲೆ ನೋಡಿದರೆ ಸೂರಿಲ್ಲ, ಬರೀ ಕತ್ತಲು, ಅದರಿಂದ ಇಳಿಬಿದ್ದ ಹಗ್ಗಗಳು. ಅಕ್ಕ ಇರುತ್ತಾಳೇನೋ ಎಂದು ಅಡುಗೆಮನೆಯ ಬಾಗಿಲು ತೆರೆದೆ. ಆ ಕಡೆ ಅಡುಗೆಮನೆ ಇರಲಿಲ್ಲ. ಬಾಗಿಲು ದಾಟಿದರೆ ಏನೂ ಇರಲಿಲ್ಲ.

ತಿರುಗಿದಾಗ ಮಂಚ ಕಂಡಿತು. ಅದರ ಮೇಲೆ ಯಾರೋ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಮ್ಮನ ನೀಲಿ ಚೌಕುಳಿ ಸೀರೆ, ಮಂಚದಿಂದ ಇಳಿಬಿದ್ದ ಅಮ್ಮನ ಉದ್ದ ಜಡೆ.

"ಅಮ್ಮಾ," ಎಂದೆ.

ಅವಳು ಹೊರಳಿದಳು. ಅಮ್ಮನದೇ ಕುಂಕುಮ, ಅಮ್ಮನದೇ ಮೂಗುಬೊಟ್ಟು. ಮುಖ ಮಾತ್ರ ಬೇರೆ ಯಾರದೋ. ಕಣ್ಣಿನ ಸುತ್ತ ಕಪ್ಪು, ತುಟಿ ಬೂದಿಯಂತೆ ಬಿಳಿ. ಅವಳು ನಗುತ್ತಾ ಕೈ ಚಾಚಿದಳು.

"ಬಾ ಪುಟ್ಟಿ. ಅಮ್ಮನ ಹತ್ರ ಬಾ, ಹೆದರ್ಕೋಬೇಡ."

ಆಕೆ ನಟಿ, ಸಿನಿಮಾದಲ್ಲಿ ಮಗಳ ಪಾತ್ರ ಮಾಡುವ ಹುಡುಗಿಯೇ ಬಂದಿದ್ದಾಳೆ ಎಂದುಕೊಂಡು ಹಾಗೆ ಕರೆದಳು ಎಂಬುದೆಲ್ಲ ನನಗೆ ಆಮೇಲೆ ತಿಳಿದದ್ದು. ಸೀರೆಯನ್ನೂ ಗಿಡದ ಜೊತೆ ಅಪ್ಪನೇ ಕೊಟ್ಟಿದ್ದರಂತೆ. ಆಗ ನನಗೆ ತಿಳಿದದ್ದು ಒಂದೇ: ಅಷ್ಟು ಸಿಹಿಯಾದ ದನಿಯನ್ನು ನಮ್ಮ ಮನೆಯಲ್ಲಿ ನಾನು ಕೇಳಿರಲೇ ಇಲ್ಲ.

ಕಿಟಕಿಯ ಕಡೆ ಓಡಿದೆ. ಅಲ್ಲಿತ್ತು ನಮ್ಮ ಕ್ರೋಟನ್. ಒಂದು ಎಲೆಯೂ ಉದುರಿರಲಿಲ್ಲ, ತುಂಬಿಕೊಂಡು ಥಳಥಳ ಹೊಳೆಯುತ್ತಿತ್ತು. ಹೋದ ಜೀವ ಬಂದಂತಾಯಿತು. ಚೊಂಬಿನ ನೀರು ಬಗ್ಗಿಸಿದೆ. ನೀರು ಒಳಗೆ ಇಂಗಲಿಲ್ಲ. ಮೇಲೆಯೇ ನಿಂತು, ಕಂದು ಬಣ್ಣ ಬಿಟ್ಟುಕೊಂಡು, ಗೋಡೆಯ ಮೇಲೆ ಹರಿಯಿತು. ಎಲೆ ಮುಟ್ಟಿದೆ. ಗಂಜಿ ಹಾಕಿದ ಬಟ್ಟೆ. ಒಳಗೆ ತಂತಿ. ಮಣ್ಣೆಂದುಕೊಂಡದ್ದು ಬಣ್ಣ ಹಚ್ಚಿದ ಮರದ ಹೊಟ್ಟು. ಕಿಟಕಿಯ ಆಚೆ ನೀಲಿ ಆಕಾಶ ಕಾಣುತ್ತಿತ್ತು, ಸರಳಿನ ನಡುವೆ ಬೆರಳು ತೂರಿಸಿದರೆ ಆಕಾಶ ಅಲುಗಿತು.

"ಪಾಪಾ, ತೊಡಾದೇ!" ಮಗೂ, ಮುಟ್ಟಬೇಡವೆಂದು ಕೂಗುತ್ತಾ ಸೆಟ್ ಮಾಮ ಓಡಿಬಂದರು. ಹತ್ತಿರ ಬಂದು ನನ್ನ ಗುರುತು ಹಿಡಿದು ಹಣೆ ಚಚ್ಚಿಕೊಂಡರು. ನಮ್ಮ ಗಿಡ ಎಲ್ಲಿ ಎಂದು ಕೇಳಿದೆ. ಅವರು ಗೋಡೆಯ ಹಿಂದಿನಿಂದ ಒಂದು ಕುಂಡ ತಂದರು. ಅಂಚು ಒಡೆದ ನಮ್ಮದೇ ಕುಂಡ. ಅದರಲ್ಲಿ ಒಂದು ಬೋಳು ಕಡ್ಡಿ, ಕಡ್ಡಿಗೆ ದಾರದಲ್ಲಿ ಕಟ್ಟಿದ ಒಣಗಿ ಮುದುಡಿದ ಎಲೆಗಳು.

ದೊಡ್ಡ ದೀಪಗಳ ಕಾವಿಗೆ ಗಿಡ ತಡೆಯಲಿಲ್ಲವಂತೆ, ಅದಕ್ಕೆ ಬಟ್ಟೆಯದನ್ನು ಮಾಡಿಸಿದರಂತೆ. "ಇದು ಕೂಡ ವೇಸ್ಟ್ ಆಗ್ಲಿಲ್ಲ ಪಾಪಾ," ಎಂದು ಅವರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಸಮಾಧಾನ ಹೇಳಿದರು. "ಕಥೈಲಿ ಅಮ್ಮ ಸತ್ತು ಹೋಗ್ತಾಳೆ ಅಲ್ವಾ, ಆವಾಗ ಗಿಡನೂ ಒಣಗಿ ಹೋಗ್ಬೇಕು. ಇದು ಆ ಸೀನುಗೆ."

ಕಥೆಯಲ್ಲಿ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಕುಂಡವನ್ನು ಕಿತ್ತುಕೊಂಡು ಕಿರುಚಿದೆ. ಮಂಚದ ಮೇಲೆ ಸಾಯಬೇಕಾದವಳು ಎದ್ದು ಕೂತಳು, ಎದ್ದು ನಡೆದು ಬಂದಳು, ನನ್ನ ಮುಂದೆ ಮೊಣಕಾಲೂರಿದಳು. ಬಣ್ಣ ಬಳಿದ ಉಗುರಿನಿಂದ ಕಡ್ಡಿಯ ತೊಗಟೆಯನ್ನು ಚೂರೇ ಚೂರು ಕೆರೆದಳು. ಕೆಳಗೆ ಹಸಿರು ಕಂಡಿತು.

"ನೋಡು, ಇನ್ನೂ ಹಸಿ ಇದೆ. ಜೀವ ಇದೆ ಕಣೇ," ಎಂದಳು. ಸೆಟ್ ಮಾಮನ ಕಡೆ ತಿರುಗಿ, "ಕೊಟ್ಬಿಡಿ ಸಾರ್, ಪಾಪ," ಎಂದಳು. ಒಳ್ಳೆಯ ಹೆಂಗಸು. ಆದರೆ ಅಮ್ಮನ ಸೀರೆಯುಟ್ಟವಳ ಆ ಕೈ ನನ್ನ ತಲೆಯ ಕಡೆ ಬಂದಾಗ ನಾನು ಕುಂಡ ಅವಚಿಕೊಂಡು ಓಡಿದ್ದೇ ಓಡಿದ್ದು.

ಅಮ್ಮ ಸತ್ತಳಾ ಎಂದು ಅಪ್ಪನನ್ನು ಕೇಳಿದೆ. ಇಲ್ಲವೆಂದರು. ಅಪ್ಪನ ಮಾತನ್ನೂ ನಂಬಲಾಗಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ, ಕುಂಡ ಕೆಳಗಿಡಲಿಲ್ಲ. ಕೊನೆಗೆ ಅಪ್ಪ ಅಕ್ಕನಿಗೆ ಹೋಟೆಲು ನೋಡಿಕೊಳ್ಳಲು ಹೇಳಿ, ಬಿಸಿಲು ಇಳಿದ ಮೇಲೆ ನನ್ನನ್ನು ಆಸ್ಪತ್ರೆಯಿದ್ದ ಎಗ್ಮೋರ್ ಕಡೆಯ ಬಸ್ಸು ಹತ್ತಿಸಿದರು. ಒಳಗೆ ಬಿಡದಿದ್ದರೇನು, ಹೊರಗಿನಿಂದ ಕಿಟಕಿಯಲ್ಲಿ ನೋಡಬಹುದು ಎಂದರು. ದಾರಿಯಲ್ಲಿ ಕಂಡ ನಲ್ಲಿಯಲ್ಲೆಲ್ಲ ಕುಂಡಕ್ಕೆ ನೀರು ಹಿಡಿದೆ. ಬಸ್ಸಿನಲ್ಲಿ ಅದು ತೊಟ್ಟಿಕ್ಕಿ ಅಪ್ಪನ ಪಂಚೆ ಒದ್ದೆಯಾಯಿತು.

ಆಸ್ಪತ್ರೆಯ ಹಿಂದೆ ಬೇವಿನ ಮರದ ಕೆಳಗೆ ಒಂದು ಕಿಟಕಿ. ಅಪ್ಪ ಮೆಲ್ಲಗೆ ಕರೆದರು. ಸ್ವಲ್ಪ ಹೊತ್ತಿನ ಮೇಲೆ ಸರಳುಗಳ ಹಿಂದೆ ಒಬ್ಬಳು ಬಂದು ನಿಂತಳು. ತಲೆ ಬೋಳು, ಜ್ವರಕ್ಕೆ ಕೂದಲು ತೆಗೆಸಿದ್ದರಂತೆ. ಕೆನ್ನೆಗಳು ಒಳಗೆ ಹೋಗಿದ್ದವು. ಕುಂಕುಮವಿಲ್ಲ, ಮೂಗುಬೊಟ್ಟಿಲ್ಲ, ಮೈಮೇಲೆ ಆಸ್ಪತ್ರೆಯ ಬಿಳಿ ಅಂಗಿ. ಸುಳ್ಳು ಹೇಳುವುದಿಲ್ಲ ಮಕ್ಕಳೇ, ಆ ಸೂರಿಲ್ಲದ ಮನೆಯಲ್ಲಿ ಮಲಗಿದ್ದವಳೇ ನನ್ನ ಅಮ್ಮನಂತಿದ್ದಳು. ಇವಳು ಯಾರೋ. ಸಿನಿಮಾದವರು ಇಲ್ಲಿಗೂ ಒಬ್ಬಳನ್ನು ತಂದು ನಿಲ್ಲಿಸಿದ್ದಾರೆ, ನಮ್ಮಮ್ಮನನ್ನು ಯಾವ ಗೋಡೆಯ ಹಿಂದೆ ಇಟ್ಟಿದ್ದಾರೋ ಎಂದು ನಾನು ಅಪ್ಪನ ಪಂಚೆಯ ಹಿಂದೆ ಸೇರಿಕೊಂಡೆ.

ಅವಳು ನನ್ನನ್ನು ನೋಡಲಿಲ್ಲ, ಕುಂಡವನ್ನು ನೋಡಿದಳು. ಸರಳಿನ ನಡುವಿನಿಂದ ಎಲುಬಿನಂಥ ಕೈ ಹೊರಬಂತು. ಬೆರಳು ಮಣ್ಣಿನೊಳಗೆ ಇಳಿಯಿತು.

"ಇದೆಂತ ಹೆಣೆ, ಗಿಡಕ್ಕೆ ನೀರ್ ಹಾಕಿದ್ಯಾ, ಹೊಳಿ ಹರ್ಸಿದ್ಯಾ? ಬೇರ್ ಕೊಳೀತಿಲ್ಯಾ? ನಿನ್ನ ಮಂಡಿ ಕಾಣ್, ತಲಿಗೆ ಎಣ್ಣಿ ಹಾಕದೆ ಎಷ್ಟ್ ದಿನ ಆಯ್ತ್? ಹಿಂದೆ ಅಡಗಿ ಎಂತ ಮಾಡ್ತೆ, ಬಾ ಇಲ್ಲಿ!"

ದನಿ ಸೋತಿತ್ತು, ಆದರೆ ಆ ಕುಂದಾಪುರದ ಬೈಗುಳದಲ್ಲಿ ಒಂದು ಚೂರೂ ಕಡಿಮೆ ಇರಲಿಲ್ಲ. ನನಗೆ ಅಳು ಒತ್ತರಿಸಿ ಬಂತು. ಓಡಿಹೋಗಿ ಆ ಕೆಸರು ಮೆತ್ತಿದ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಮ್ಮ ಕಿಟಕಿಗೆ ಹಣೆ ಆನಿಸಿ ನಿಂತೇ ಗಿಡಕ್ಕೆ ಏನು ಮಾಡಬೇಕೆಂದು ಹೇಳಿದಳು. ಕುಂಡದ ತಳದ ತೂತು ಮುಚ್ಚಿಹೋಗಿದ್ದರೆ ಕಡ್ಡಿಯಿಂದ ಬಿಡಿಸು. ಒಣಗಿದ ತುದಿ ಕತ್ತರಿಸು. ನೇರ ಬಿಸಿಲು ಬೀಳದ, ಬೆಳಕಿರುವ ಒಂದು ಕಡೆ ಇಟ್ಟು ಮತ್ತೆ ಅಲುಗಿಸಬೇಡ. ಬೆರಳಿಗೆ ಮಣ್ಣು ಒಣಗಿದಂತೆ ಕಂಡರಷ್ಟೇ ನೀರು.

ಹಾಗೇ ಮಾಡಿದೆ. ಅಮ್ಮ ಮನೆಗೆ ಬಂದಳು. ಅವಳು ಬಂದ ಮೇಲೂ ಬಹಳ ದಿನ ಗಿಡ ಕಡ್ಡಿಯಾಗಿಯೇ ಇತ್ತು, ಆಮೇಲೆ ಮಳೆ ಹಿಡಿದಾಗ ಪಕ್ಕದಲ್ಲಿ ಎಳೆ ಹಸಿರು ಚಿಗುರು ಮೂಡಿತು. ಸಿನಿಮಾವನ್ನು ನಾನು ನೋಡಲಿಲ್ಲ. ಅಮ್ಮ ನೋಡಿ ಬಂದು, ತನ್ನ ಸೀರೆ ಚೆಂದ ಕಾಣುತ್ತಿತ್ತು ಎಂದಳು.

ಈಗ ನಿಮ್ಮ ಕಾಲ. ನಿಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಸಾಲಾಗಿ ನಿಂತಿರುವ ಗಿಡಗಳನ್ನು ವಾಚ್‌ಮನ್ ಬಟ್ಟೆಯಲ್ಲಿ ಒರೆಸಿ ಧೂಳು ತೆಗೆಯುತ್ತಾನೆ, ನೀರು ಮಾತ್ರ ಹಾಕುವುದಿಲ್ಲ. ನಿಜದ್ದೋ ಸುಳ್ಳೋ ಎಂದು ನಾನು ಎಲೆ ಚಿವುಟಿ ನೋಡಿದರೆ ನಿಮಗೆ ನಾಚಿಕೆ. ಅಜ್ಜಿ ಎನ್ನುವುದೊಂದು ಕನ್ನಡ, ಮಿಕ್ಕದ್ದೆಲ್ಲ ತಮಿಳು: "ಅಜ್ಜೀ, ಎಲ್ಲಾರುಂ ಪಾಕ್ಕರಾಂಗ!" ಎಲ್ಲರೂ ನೋಡಿದರೆ ನೋಡಲಿ ಬಿಡಿ. ಬಾಲ್ಕನಿಯಲ್ಲಿ ನೀವು ಇಟ್ಟಿರುವ ಪುಟ್ಟ ಬಿಳಿ ಕುಂಡಗಳಿಗೆ ಯಾವಾಗ ನೀರು ಹಾಕಬೇಕೆಂದು ಫೋನು ಹೇಳುತ್ತದೆ. ಅದೂ ಒಳ್ಳೆಯದೇ, ನನ್ನಂತೆ ಕೆಸರು ಮಾಡುವುದು ತಪ್ಪುತ್ತದೆ.

ಮೊನ್ನೆ ನೀವು ನನ್ನ ಅಮ್ಮನ ಹಳೆಯ ಫೋಟೋವನ್ನು ಆ ಫೋನಿನೊಳಗೆ ಹಾಕಿ, ಅಲುಗಾಡುವಂತೆ ಮಾಡಿ ನನ್ನ ಕೈಗೆ ಕೊಟ್ಟಿರಿ. ಅಮ್ಮ ಕಣ್ಣು ಮಿಟುಕಿಸಿದಳು. ಕತ್ತು ವಾಲಿಸಿ, ನನ್ನನ್ನೇ ನೋಡಿ, ಸಿಹಿಯಾಗಿ ನಕ್ಕಳು. ಚೆನ್ನಾಗಿದೆಯಾ ಅಜ್ಜಿ ಎಂದು ಕೇಳಿದಿರಿ, ಚೆನ್ನಾಗಿದೆ ಎಂದೆ. ನೀವು ಮಲಗಿದ ಮೇಲೂ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಎಣ್ಣೆ ಕಾಣದ ನನ್ನ ನರೆಗೂದಲು ಕೆದರಿ ಮುಖದ ಮೇಲೆ ಬಿದ್ದಿತ್ತು. ಅವಳು ನಗುತ್ತಲೇ ಇದ್ದಳು, ಒಂದು ಮಾತೂ ಬಯ್ಯಲಿಲ್ಲ.