ಅಮ್ಮ ನೀರು ಹಾಕಿದ ರಾಗಿ

ಹೋದ ಭಾನುವಾರ ನಮ್ಮಮ್ಮ ಒಬ್ಬ ಹುಡುಗಿಯ ಪಿಎಚ್.ಡಿ.ಗೆ ಎಳ್ಳುನೀರು ಬಿಟ್ಟಳು. ಎಳ್ಳಿರಲಿಲ್ಲ, ಬರೀ ನೀರು. ಎರಡು ಬಕೆಟ್.

ಚಂದ್ರಾ ಲೇಔಟಿನ ನಮ್ಮ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದಿರುವ ಸಂಗೀತಾ ಕೊಪ್ಪಳದ ಕಡೆಯವಳು. ಬರ ತಡೆಯುವ ರಾಗಿ ಮಾಡುವುದು ಅವಳ ರಿಸರ್ಚು. ಲ್ಯಾಬಿನಲ್ಲಿ ಜಾಗ ಸಾಲದೆ ತಾರಸಿಯಲ್ಲಿ ನಲವತ್ತು ಕುಂಡ ಇಟ್ಟಿದ್ದಳು. ನಲವತ್ತು ನಾಟಿ ತಳಿ. (ಗಾಬರಿಯಾಗಬೇಡಿ. ಜೀನ್ ಬದಲಿಸಿದ ಗಿಡವನ್ನು ಲ್ಯಾಬಿನಿಂದ ಹೊರಗೆ ತರುವಂತಿಲ್ಲವಂತೆ.) ನೀರು ನಿಲ್ಲಿಸಬೇಕು, ಯಾವುದು ತಡೆಯುತ್ತದೆ ನೋಡಬೇಕು, ಅದರೊಳಗಿನ ಜೀನ್ ಹುಡುಕಿ ಹೆಚ್ಚು ಇಳುವರಿಯ ರಾಗಿಗೆ ಸೇರಿಸಬೇಕು. ಹೇಳಲು ಒಂದು ವಾಕ್ಯ, ಮಾಡಲು ಅರ್ಧ ಆಯಸ್ಸು. ಇದೆಲ್ಲ ನನಗೆ ಗೊತ್ತಾಗಿದ್ದೂ ಆಮೇಲೆಯೇ.

ಅಮ್ಮನೋ, ಮೂಡಲಪಾಳ್ಯದಲ್ಲಿ ಸೈಟುಗಳಾಗುವ ಮುಂಚೆ ಅಲ್ಲಿಯ ರಾಗಿ ಹೊಲದಲ್ಲಿ ಕಳೆ ಕಿತ್ತವಳು. ಮಂಡಿನೋವಿನಿಂದ ತಾರಸಿ ಹತ್ತದೆ ತಿಂಗಳಾಗಿತ್ತು. ಆವತ್ತು ಸಂಡಿಗೆ ಒಣಹಾಕಲು ಹೋದವಳು ಮುದುರಿದ ಎಲೆಗಳನ್ನು ನೋಡಿದಳು. ಸಂಡಿಗೆ ಮರೆತು ಬಕೆಟ್ ಹಿಡಿದಳು.

ಸಂಜೆ ಬಂದ ಸಂಗೀತಾ ಒದ್ದೆ ಮಣ್ಣು ನೋಡಿ ಕೆಳಗಿಳಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನೀರು ನಿಲ್ಲಿಸಿ ಹನ್ನೆರಡು ದಿನವಾಗಿತ್ತು, ಇನ್ನೆರಡೇ ದಿನ ಬಾಕಿಯಿತ್ತು. ಈಗ ಬೀಜ ಬಿತ್ತುವುದರಿಂದ ಎಲ್ಲ ಮತ್ತೆ ಶುರು. ಒಂದು ಮಾತು ಕೇಳಿ ಹಾಕಬಾರದಿತ್ತಾ ಎಂದು ಅಮ್ಮನ ಮೇಲೆ ರೇಗಿದೆ.

“ಬಾಯಾರಿದೋರಿಗೆ ನೀರು ಕೊಡೋಕೆ ಯಾರನ್ನ ಕೇಳ್ಬೇಕೋ?” ಅಂದಳು. ಆಮೇಲೆ ಸಂಗೀತಾಳ ಕಡೆ ತಿರುಗಿ, “ಆ ಮೂಲೇಲಿರೋ ಮೂರಕ್ಕೆ ಹಾಕಿಲ್ಲ ಕಣಮ್ಮ. ಅವು ಚೆನ್ನಾಗೇ ನಿಂತಿದ್ವು.”

ಸಂಗೀತಾ ಕಣ್ಣೊರೆಸಿಕೊಂಡು ಮೇಲೆ ಓಡಿದಳು. ಹೌದು, ಮೂರೂ ಒಣಮಣ್ಣಿನಲ್ಲಿ ಹಸಿರಾಗಿ ನಿಂತಿದ್ದವು. ನಡುವೆ ನೀರು ಬಿದ್ದ ಎಕ್ಸ್‌ಪೆರಿಮೆಂಟನ್ನು ಯಾವ ಗೈಡ್ ಒಪ್ಪುತ್ತಾರೆ? ಆದರೆ ಯಾವುದರ ಮೇಲೆ ಕಣ್ಣಿಡಬೇಕು ಎಂಬುದಂತೂ ಅವಳಿಗೆ ಗೊತ್ತಾಯಿತು.

“ಮತ್ತ ಬಿತ್ತಿದ್ರಾತು ಬಿಡ್ರಿ ಅಜ್ಜಿ. ಈ ಸಲ ನೀವು ಮ್ಯಾಲ ಬರಬ್ಯಾಡ್ರಿ, ಅಷ್ಟ.”

ಅಮ್ಮ ಒಪ್ಪಿದ್ದಾಳೆ. ನನಗೇ ಕಿರಿಕಿರಿ. ಆ ಹನ್ನೆರಡು ದಿನವೂ ಅದೇ ತಾರಸಿಯಲ್ಲಿ ಫೋನ್ ಕಿವಿಗಿಟ್ಟುಕೊಂಡು ವಾಕ್ ಮಾಡಿದವನು ನಾನು. ಗಿಡ ಬಾಡುತ್ತಿದ್ದುದು ಕಾಣುತ್ತಿತ್ತು. ಎಕ್ಸ್‌ಪೆರಿಮೆಂಟ್ ಅಂತ ನನಗೂ ಗೊತ್ತಿರಲಿಲ್ಲ. ನಮ್ಮದಲ್ಲವಲ್ಲ ಅಂದುಕೊಂಡಿದ್ದೆ.

ಬಾಯಾರಿಕೆ ತಡೆಯುವ ಜೀನ್ ಇವತ್ತಲ್ಲ ನಾಳೆ ಸಂಗೀತಾಳಿಗೆ ಸಿಗುತ್ತದೆ. ಇನ್ನೊಂದು ಜೀವ ಬಾಯಾರಿದ್ದನ್ನು ನೋಡಿಯೂ ಸುಮ್ಮನಿರುವ ಜೀನ್ ನನ್ನೊಳಗೆ ಯಾವಾಗ ಸೇರಿಕೊಂಡಿತು?