ಸುಮಿತ್ರಕ್ಕ ಕೂತ ಎರಡು ಗಾಡಿಗಳು

೨೦೦೩ರಲ್ಲಿ ನಾನು ಹೊನ್ನಾವರದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಮಳೆಗಾಲ ಆಗಷ್ಟೇ ಮುಗಿದು ರಸ್ತೆ ತುಂಬ ಹೊಂಡ ಬಿದ್ದಿತ್ತು. ಧಾರೇಶ್ವರದ ವೆಂಕಟರಮಣ ನಾಯ್ಕರು ಒಂದು ಬೆಳಿಗ್ಗೆ ತಮ್ಮ ಪಿಕಪ್ ತಂದು, ಮೊದಲೇ ರಿಪೇರಿಗೆ ಬಿಟ್ಟಿದ್ದ ತಮ್ಮದೇ ಕಾರಿನ ಪಕ್ಕ ನಿಲ್ಲಿಸಿದರು.

ಕಾರು ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು. ನಾಯ್ಕರು ಮುಂಬೈಯಲ್ಲಿ ಡ್ರೈವರ್ ಆಗಿದ್ದಾಗ ಧಣಿಯಿಂದ ಕೊಂಡದ್ದು. ಅವರೂ ಹೆಂಡತಿ ಸುಮಿತ್ರಕ್ಕನೂ ಊರಿಗೆ ಮರಳಿದ್ದೂ ಅದರಲ್ಲೇ. ಪಿಕಪ್ ಹೊಸದು, ಮೀನಿನ ಐಸ್ ಸಾಗಿಸಲು ತೆಗೆದುಕೊಂಡದ್ದು.

"ಮೇಸ್ತ್ರಿ, ಎರಡರಲ್ಲಿ ಯಾವುದು ಕಮ್ಮಿ ಕುಲುಕ್ತದೆ?"

"ಯಾಕೆ ನಾಯ್ಕರೆ?"

"ಸುಮಿತ್ರನ್ನ ಮಂಗಳೂರಿಗೆ ಕರ್ಕೊಂಡು ಹೋಗ್ಬೇಕು. ಕ್ಯಾನ್ಸರ್ ಬೆನ್ನುಮೂಳೆಗೆ ಇಳ್ದದೆ."

ಎರಡನ್ನೂ ಹತ್ತಿರದ ಮಂಕಿ ಊರಿನವರೆಗೆ ಓಡಿಸಿ ನೋಡಿದೆ. ಕಾರಿನ ಸಸ್ಪೆನ್ಷನ್ ವೇಗಕ್ಕೆಂದೇ ಬಿಗಿಯಾಗಿ ಮಾಡಿದ್ದು. ಪ್ರತಿ ಹೊಂಡವೂ ನೇರ ಬೆನ್ನಿಗೆ ಹೊಡೆಯುತ್ತಿತ್ತು. ಕೂರಬೇಕಾದರೆ ನೆಲದ ತನಕ ಬಗ್ಗಬೇಕು. ಪಿಕಪ್ಪಿನ ಸೀಟು ಎತ್ತರ, ಹತ್ತುವುದು ಸುಲಭ. ಆದರೆ ಅದರ ಹಿಂದಿನ ಲೀಫ್ ಸ್ಪ್ರಿಂಗ್ ಭಾರ ಹೊರಲೆಂದೇ ಇರುವ ಉಕ್ಕಿನ ಪಟ್ಟಿಗಳು. ಖಾಲಿಯಿದ್ದರೆ ಗಾಡಿ ಪುಟಿಯುತ್ತದೆ. ಹಿಂದೆ ಮರಳಿನ ಚೀಲಗಳನ್ನು ಹೇರಿ, ಟೈರಿನ ಗಾಳಿ ತುಸು ಇಳಿಸಿದೆ. ಗಾಡಿ ಮೆತ್ತಗಾಯಿತು.

ಹೊರಟ ದಿನ ಸುಮಿತ್ರಕ್ಕ ಪಿಕಪ್ಪಿನಲ್ಲಿ ದಿಂಬಿಗೆ ಒರಗಿ ಕೂತಲ್ಲಿಂದಲೇ ಕೇಳಿದರು, "ನಮ್ಮ ಕಾರು ಹೆಂಗದೆ?"

"ಚಲೋ ಇದೆ ಅಕ್ಕ."

"ಗುಣ ಆದ್ಮೇಲೆ ಅದ್ರಲ್ಲೇ ತಿರ್ಗೂದು."

ನಾಯ್ಕರು ಗಾಡಿ ಚಾಲೂ ಮಾಡಿದರು.

ಹೀಗೆ ಕೆಲವು ಸಲ ಹೋಗಿಬಂದರು. ಕೊನೆಯ ಸಲ ನಾಯ್ಕರು ಆಸ್ಪತ್ರೆಯಿಂದಲೇ ಗ್ಯಾರೇಜಿಗೆ ಫೋನ್ ಮಾಡಿದರು. "ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದ್ರು. ನೀನು ಕಾರು ತಕೊಂಡು ಭಟ್ಕಳಕ್ಕೆ ಬಾ."

"ಬ್ಯಾಡ ನಾಯ್ಕರೆ, ಬೆನ್ನು ತಡೀದಿಲ್ಲ."

"ಇನ್ನು ಬೆನ್ನು ಕಾದು ಎಂತ ಮಾಡೂದು? ಅವಳು ಕಾರನ್ನೇ ಕೇಳ್ತಾ ಇದ್ದಾಳೆ."

ಭಟ್ಕಳದ ಪೆಟ್ರೋಲ್ ಬಂಕಿನಲ್ಲಿ ನಾವಿಬ್ಬರೂ ಸೇರಿ ಸುಮಿತ್ರಕ್ಕನನ್ನು ಪಿಕಪ್ಪಿನಿಂದ ಎತ್ತಿ ಕಾರಿನಲ್ಲಿ ಕೂರಿಸಿದೆವು. ಮಗುವಿನಷ್ಟೂ ತೂಕವಿರಲಿಲ್ಲ. ನಾಯ್ಕರು ಕಾರು ಓಡಿಸಿದರು, ಪಿಕಪ್ ಓಡಿಸುತ್ತ ನಾನು ಹಿಂದೆ. ಅಷ್ಟು ನಿಧಾನಕ್ಕೆ ಆ ಕಾರು ಎಂದೂ ಓಡಿರಲಿಕ್ಕಿಲ್ಲ. ಲಾರಿಗಳು ಹಾರ್ನ್ ಹೊಡೆದು ದಾಟಿಹೋದವು. ಶರಾವತಿ ಸೇತುವೆಯ ಮೇಲೆ ಸುಮಿತ್ರಕ್ಕನ ಕೈ ಕಿಟಕಿಯಿಂದ ಹೊರಬಂದು ಗಾಳಿಗೆ ಒಡ್ಡಿಕೊಂಡಿತ್ತು.

ಧಾರೇಶ್ವರದಲ್ಲಿ ಬಾಗಿಲು ತೆಗೆದಾಗ ಅವರ ಮುಖವೆಲ್ಲ ಬೆವರು. ತುಟಿ ಕಚ್ಚಿದ ಗುರುತಿತ್ತು.

"ಭಾಳ ನೋವಾತಾ ಅಕ್ಕ?"

"ಆತು ಮೇಸ್ತ್ರಿ. ಆದ್ರೂ ಈಗ್ಲೇ ಇಳಿಸ್ಬ್ಯಾಡಿ."

ನಾಯ್ಕರು ಎಂಜಿನ್ ಆಫ್ ಮಾಡಲಿಲ್ಲ. ಅಂಗಳದಲ್ಲಿ ಇಬ್ಬರೂ ಮುಂದೆ ನೋಡುತ್ತ ಕೂತೇ ಇದ್ದರು. ನಾನು ಬಾಗಿಲು ಮೆಲ್ಲಗೆ ಮುಚ್ಚಿ ಈಚೆ ಬಂದೆ.

ಆ ತಿಂಗಳು ಕಳೆಯುವ ಮೊದಲೇ ಸುಮಿತ್ರಕ್ಕ ತೀರಿಕೊಂಡರು.

ಯಾವ ಗಾಡಿ ಒಳ್ಳೆಯದೆಂದು ಗಿರಾಕಿಗಳು ಆಮೇಲೂ ಕೇಳುತ್ತಿದ್ದರು. ಬಾನೆಟ್ ಎತ್ತುವ ಮುಂಚೆ, ಕೂರುವವರು ಯಾರು, ಅವರಿಗೆ ಯಾವುದು ಇಷ್ಟ ಎಂದು ವಿಚಾರಿಸುವುದನ್ನು ನಾನು ಕಲಿತಿದ್ದೆ.