ಬೀಗದಣ್ಣ ಹೊರಗೆ ಉಳಿದ ದಿನ

ಬೀಗದಣ್ಣ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಶಾಲೆಯ ಪಾಠದ ಪುಸ್ತಕ ಮಾಡುವ ಆ ಕಚೇರಿಯಲ್ಲಿ ಅವನ ಅಸಲಿ ಹೆಸರು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಯಾರ ನೆನಪಿಗೂ ಬರುತ್ತಿರಲಿಲ್ಲ. ಅವನ ಕೆಲಸ ಸರ್ವರ್ ಕಾಯುವುದು. ಸರ್ವರ್ ಇದ್ದದ್ದು ಎಲ್ಲೋ ದೂರದ ಊರಿನ ಬಾಡಿಗೆ ಕಟ್ಟಡದಲ್ಲಿ. ಅದರ ಮುಖವನ್ನು ಈ ಪುಣ್ಯಾತ್ಮ ಒಂದು ದಿನವೂ ನೋಡಿದವನಲ್ಲ. ಅದಕ್ಕೇ ಎಸ್ಎಸ್ಎಚ್ ಅಂತ ಒಂದು ದಾರಿ ಇದೆ. ಇಲ್ಲಿ ಕೂತು ಒಂದು ಕಪ್ಪು ಕಿಟಕಿ ತೆರೆದು ನಾಲ್ಕಕ್ಷರ ಕುಟ್ಟಿದರೆ ಅಲ್ಲಿನ ಯಂತ್ರದ ಒಳಗೇ ಹೋಗಿ ಕೂತ ಹಾಗೆ. ಫೈಲು ಕಳಿಸಬಹುದು, ತರಿಸಬಹುದು. ನಡುವೆ ಯಾರು ಕಿವಿಗೊಟ್ಟು ನಿಂತರೂ ಒಂದಕ್ಷರ ಅರ್ಥವಾಗುವುದಿಲ್ಲ.

ಇಷ್ಟು ಒಳ್ಳೆಯ ದಾರಿಗೆ ಇಂಥ ಕಾವಲುಗಾರ ಸಿಕ್ಕಿದ್ದ, ನೋಡಿ. ಮೆಟ್ಟಿಲ ಪಕ್ಕದ ಗೂಡಿನಂಥ ಕೋಣೆಯಲ್ಲಿ ಸದಾ ಚಿಲಕ ಹಾಕಿಕೊಂಡೇ ಕೂತಿರುತ್ತಿದ್ದ. ಯಾರಾದರೂ ಬಾಗಿಲು ತಟ್ಟಿ "ನಾನು ಸಾರ್" ಅಂದರೆ ಸಾಕು, ಒಳಗಿಂದ ಪ್ರಶ್ನೆ ಬರುತ್ತಿತ್ತು: "ನಾನು ಅಂದ್ರೆ ಯಾರು? ಏನು ಆಧಾರ?" ದಿನಾ ಟೀ ತರುವವಳಿಗೂ ಇದೇ ಪ್ರಶ್ನೆ. ಅವಳು ಒಂದು ದಿನ "ಆಧಾರ ಆರಿ ಹೋಗ್ತಿದೆ, ಬೇಕಾದ್ರೆ ಕುಡೀರಿ" ಅಂತ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅವನಿಗೆ ಅದೂ ಸಮಾಧಾನವೇ. ಯಾರೂ ಒಳಗೆ ಬರಲಿಲ್ಲವಲ್ಲ!

ಪಾಸ್‌ವರ್ಡ್ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಪಾಸ್‌ವರ್ಡ್ ಅಂದ್ರೆ ಬರೀ ಮಾತು. ಬಾಯಿಂದ ಬಾಯಿಗೆ ಹೋಗುತ್ತೆ. ಮಾತನ್ನ ನಂಬಿ ಬಾಗಿಲು ತೆಗೆಯೋಕಾಗುತ್ತಾ?" ಅಂತ ಅದನ್ನು ಸಾರಾಸಗಟಾಗಿ ಕಿತ್ತುಹಾಕಿದ್ದ. ಅದರ ಜಾಗಕ್ಕೆ ಕೀಲಿ ಬಂತು. ಕೀಲಿ ಅಂದರೆ ಕಬ್ಬಿಣದ್ದಲ್ಲ, ಕಂಪ್ಯೂಟರೇ ಹುಟ್ಟಿಸುವ ಜೋಡಿ: ಒಂದು ಭಾಗ ನಮ್ಮ ಯಂತ್ರದೊಳಗೆ ಗುಟ್ಟಾಗಿರುತ್ತದೆ, ಅದರ ಜೊತೆಯ ಭಾಗ ಸರ್ವರಿನಲ್ಲಿ ಒಂದು ಉದ್ದ ಸಾಲಾಗಿ ಕೂತಿರುತ್ತದೆ. ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ. ಸರ್ವರಿನ ಸಾಲಿನ ಕೊನೆಯಲ್ಲಿ ಒಂದು ಗುರುತಿನ ಹೆಸರೂ ಇರುತ್ತದೆ, ಕೀಲಿ ಹುಟ್ಟಿದ ಯಂತ್ರ ಯಾವುದು ಅಂತ.

ಅಷ್ಟಕ್ಕೇ ಬಿಟ್ಟನೇ? ಎಲ್ಲ ಕಂಪ್ಯೂಟರುಗಳ ಪೆನ್‌ಡ್ರೈವ್ ತೂತಿಗೆ ಗೋಂದು ತುಂಬಿದ. ದೊಡ್ಡ ಫೈಲು ಈಮೇಲಿನಲ್ಲಿ ಹೋಗದ ಹಾಗೆ ಮಾಡಿದ. ತಿದ್ದಿ ಮುಗಿಸಿದ ಪುಟಗಳು ಸರ್ವರಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯಕೂಡದು ಅಂತ ಕಾನೂನು ತಂದ. ಆ ಸರ್ವರಿಗೆ ಹೋಗಬಲ್ಲವನು ಇವನೊಬ್ಬನೇ. ಪುಟ ಜೋಡಿಸುವಾಕೆ ಒಮ್ಮೆ ಮೆಲ್ಲಗೆ ಕೇಳಿದ್ದಳು: "ಸಾರ್, ನನ್ನ ಹತ್ರಾನೂ ಒಂದು ಕೀಲಿ ಇದ್ರೆ ಒಳ್ಳೇದಲ್ವಾ? ನಾಳೆ ನಿಮಗೇನಾದ್ರೂ ಆದ್ರೆ?"

"ನನಗೇನಾಗುತ್ತೆ, ಗುಂಡುಕಲ್ಲಿನ ಹಾಗಿದೀನಿ" ಅಂದಿದ್ದ.

ಪ್ರತಿ ಸಂಜೆ ಮೇಜುಗಳ ನಡುವೆ ಓಡಾಡಿ, ಯಾರ ಪರದೆಯ ಮೇಲಾದರೂ ಏನಾದರೂ ತೆರೆದೇ ಇದ್ದರೆ ಎಲ್ಲರೆದುರು ಛೀಮಾರಿ ಹಾಕುವುದು ಅವನ ಇನ್ನೊಂದು ವ್ರತ. "ಎದ್ದು ಹೋಗೋವಾಗ ಕಿಟಕಿ ಮುಚ್ಚಿ ಹೋಗಿ!" ಆದರೆ ಇದೇ ಮಹಾಶಯ ಅವತ್ತು ಬೆಳಗ್ಗೆ ಮನೆಯಲ್ಲಿ ಏನು ಮಾಡಿದ್ದ ಗೊತ್ತೇ? ತನ್ನ ಹೊಸ ಲ್ಯಾಪ್‌ಟಾಪು ಅಪ್‌ಡೇಟು ಅಂತ ಮುನಿಸಿಕೊಂಡು ಕೂತಿತ್ತು. ಅದಕ್ಕೇ ಹೆಂಡತಿಯ ಹಳೇ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಎಳೆದುಕೊಂಡು, ಅದರಿಂದಲೇ ಸರ್ವರಿನೊಳಕ್ಕೆ ಹೋಗಿ, ಹಿಂದಿನ ಸಂಜೆ ತಾನು ಏರಿಸಿದ ಪುಟಗಳೆಲ್ಲ ಸೇರಿವೆಯೇ ಅಂತ ನೋಡಿದ್ದ. ಅಷ್ಟರಲ್ಲಿ ಹೊಸದು ಸರಿಯಾಯಿತು. ಅದನ್ನು ಚೀಲಕ್ಕೆ ಹಾಕಿಕೊಂಡು, ಹಳೆಯದನ್ನು ಹಾಗೇ ಬಿಟ್ಟು ಹೊರಟ.

ಹೆಂಡತಿ ಮನೆಯಲ್ಲಿ ಕೂತೇ ದೂರದ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. "ರೀ, ಇದರಲ್ಲಿ ಏನೋ ಕಪ್ಪಗೆ ತೆರೆದಿಟ್ಟಿದ್ದೀರಲ್ಲ, ನನಗೆ ಕ್ಲಾಸಿದೆ" ಅಂದಳು.

"ನಾನು ಬರೋವರೆಗೂ ಆ ಡಬ್ಬಾನ ಮುಟ್ಟಬೇಡ" ಅಂದ, ಚಪ್ಪಲಿ ಮೆಟ್ಟುತ್ತಾ.

"ಡಬ್ಬಾ! ಮದುವೆಗೆ ಮುಂಚೆ ನಾನು ದುಡಿದು ತಗೊಂಡಿದ್ದು ಅದು. ನಿಮಗೆ ಅಕ್ಷರ ಕಲಿಸಿದ್ದೂ ಅದೇ."

ಅವನು ಅಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಈಚೀಚೆಗೆ ಅವಳ ಮಾತು ಮುಗಿಯುವವರೆಗೂ ಅವನು ನಿಲ್ಲುತ್ತಿದ್ದದ್ದೇ ಕಡಿಮೆ.

ಕಚೇರಿಯಲ್ಲಿ ಅವತ್ತು ಎಲ್ಲರಿಗೂ ಬೆಂಕಿ ಬಿದ್ದ ಅವಸರ. ಹೊಸ ಪಾಠದ ಪುಸ್ತಕದ ಪುಟಗಳು ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಹೋಗದಿದ್ದರೆ ಪ್ರೆಸ್ಸಿನವರು ಯಂತ್ರವನ್ನು ಬೇರೆಯವರ ಕೆಲಸಕ್ಕೆ ಕೊಡುತ್ತಾರೆ. ಶಾಲೆ ತೆರೆದಾಗ ಮಕ್ಕಳ ಕೈಯಲ್ಲಿ ಪುಸ್ತಕ ಇರುವುದಿಲ್ಲ. ಯಜಮಾನರು ಬೀಗದಣ್ಣನನ್ನು ಕರೆದು ಕಡ್ಡಿ ಮುರಿದಂತೆ ಹೇಳಿದರು: "ಇದು ಸಲೀಸಾಗಿ ಹೋದ್ರೆ ನಾಳೆಯಿಂದ ಭದ್ರತೆಗೆಲ್ಲ ನೀವೇ ಮುಖ್ಯಸ್ಥರು. ಹೋಗದಿದ್ರೆ ಈಗಿರೋ ಕುರ್ಚೀನೂ ಮರೆತುಬಿಡಿ."

ಮುಖ್ಯಸ್ಥ! ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪುಟ ಕಳಿಸುವ ಮುಂಚೆ ಮುಖ್ಯಸ್ಥನಿಗೆ ತಕ್ಕಂಥ ಒಂದು ಕೆಲಸ ಮಾಡಿಬಿಡೋಣ ಅನ್ನಿಸಿತು. ಸರ್ವರಿನಲ್ಲಿ ಕೀಲಿಗಳ ಸಾಲು ಇರುವ ಫೈಲನ್ನು ತೆರೆದ. ಕಸುಬಿನವರ ಕ್ರಮದಂತೆ ಮೊದಲು ಅದರದೊಂದು ನಕಲು ಮಾಡಿ ಪಕ್ಕಕ್ಕಿಟ್ಟ. ಆ ಬುದ್ಧಿ ಒಂದಿತ್ತು, ಸದ್ಯ. ಆಮೇಲೆ ಕೆಲಸ ಬಿಟ್ಟು ಹೋದವರ ಹಳೇ ಸಾಲುಗಳನ್ನು ಒಂದೊಂದಾಗಿ ಅಳಿಸುತ್ತಾ ಬಂದ. ಕೊನೆಗೊಂದು ಸಾಲು ಉಳಿಯಿತು. ಅದರ ತುದಿಯಲ್ಲಿದ್ದ ಗುರುತಿನ ಹೆಸರು: ಚಿನಕುರಳಿ.

"ಚಿನಕುರಳಿಯಂತೆ! ಯಾವನೋ ತಲೆಹರಟೆಯ ಕೆಲಸ. ಇಷ್ಟು ದಿನ ನನ್ನ ಮೂಗಿನ ಕೆಳಗೇ ಕೂತಿದ್ದೀಯಾ?" ಅಂತ ಹಲ್ಲು ಕಡಿದು, ಮುಖ್ಯಸ್ಥನ ಗುಂಗಿನಲ್ಲಿ ತನ್ನ ಸಾಲು ಯಾವುದು ಅಂತಲೂ ನೋಡದೆ ಅದನ್ನೂ ಅಳಿಸಿದ. ಎಲ್ಲ ಸ್ವಚ್ಛವಾಯಿತು. ಖುಷಿಯಿಂದ ಕಿಟಕಿ ಮುಚ್ಚಿ, ಟೀ ಹೀರಿ, ಪುಟ ಕಳಿಸಲು ಮತ್ತೆ ಒಳಗೆ ಹೋಗಹೊರಟ.

ಪ್ರವೇಶವಿಲ್ಲ ಅಂದಿತು ಸರ್ವರ್.

ಇನ್ನೊಮ್ಮೆ ಕುಟ್ಟಿದ. ಪ್ರವೇಶವಿಲ್ಲ. ಕನ್ನಡಕ ಒರೆಸಿಕೊಂಡು ಕುಟ್ಟಿದ. ಕೊನೆಗೆ ತನ್ನ ಯಂತ್ರದಲ್ಲಿದ್ದ ಕೀಲಿಯನ್ನೇ ತೆರೆದು ನೋಡಿದ. ಅದರ ತುದಿಯಲ್ಲೂ ಅದೇ ಹೆಸರು. ಚಿನಕುರಳಿ. ಅಯ್ಯೋ ಶಿವನೇ, ಅವನ ಕೀಲಿಯೇ ಅದು! ಯಾವ ಕಾಲದಲ್ಲೋ, ಅವನ ಹತ್ತಿರ ಸ್ವಂತದ್ದೊಂದು ಕಂಪ್ಯೂಟರೂ ಇಲ್ಲದಾಗ, ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಹುಟ್ಟಿಸಿದ ಕೀಲಿ. ಅಲ್ಲಿಂದ ಪ್ರತಿ ಹೊಸ ಯಂತ್ರಕ್ಕೂ ಅದನ್ನೇ ಹೊತ್ತುಕೊಂಡು ಬಂದಿದ್ದ. ತುದಿಯ ಹೆಸರನ್ನು ನೋಡುವ ಪ್ರಸಂಗವೇ ಬಂದಿರಲಿಲ್ಲ.

ಸರ್ವರ್ ಇಟ್ಟ ಕಟ್ಟಡದವರಿಗೆ ಫೋನು ಹಚ್ಚಿದ. ಅಲ್ಲಿನವನು ವಿನಯದ ಮುದ್ದೆ. "ಸಾರ್, ಫೋನಲ್ಲಿ ಯಾರು ಏನೇ ಹೇಳಿದ್ರೂ ಬಾಗಿಲು ತೆಗೀಬೇಡಿ, ನನ್ನ ದನೀಲೇ ಕೇಳಿದ್ರೂ ತೆಗೀಬೇಡಿ ಅಂತ ನೀವೇ ಬರೆಸಿದ್ದೀರಲ್ಲ? ಯಜಮಾನರ ಸಹಿ ಇರೋ ಪತ್ರ ಅಂಚೇಲಿ ಬಂದ ಮೇಲೆ ನೋಡೋಣ."

"ಅಯ್ಯೋ, ನಾನೇ ಕಣಯ್ಯಾ!"

"ನಾನು ಅಂದ್ರೆ ಯಾರು ಸಾರ್?" ಅಂತ ಅವನು ಕೇಳಿದ. ಬೀಗದಣ್ಣ ಫೋನು ಇಟ್ಟ.

ಅಷ್ಟರಲ್ಲಿ ಯಜಮಾನರೂ ಪುಟ ಜೋಡಿಸುವಾಕೆಯೂ ಬಾಗಿಲಲ್ಲಿ ಬಂದು ನಿಂತಿದ್ದರು. ಪ್ರೆಸ್ಸಿನವರು ಎರಡು ಸಲ ಕೇಳಿಯಾಗಿತ್ತಂತೆ. ಬೀಗದಣ್ಣ ತೊದಲುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪುಟ ಜೋಡಿಸುವಾಕೆ ಗೋಂದು ಮೆತ್ತಿದ ತೂತಿನ ಕಡೆ ನೋಡಿದಳು. ಯಜಮಾನರು, "ಅಂದ್ರೆ, ಕಳ್ಳ ಬರ್ತಾನೆ ಅಂತ ಮನೆಯವನನ್ನೇ ಹೊರಗೆ ಹಾಕಿದ್ರಿ" ಅಂದರು.

ಆಗ ಹೊಳೆಯಿತು, ಊಟದ ಮೇಜು! ಹೊಸದಾಗಿ ಬರುವವರ ಕೀಲಿಯನ್ನಷ್ಟೇ ಸರ್ವರ್ ಕೇಳುತ್ತದೆ. ಆಗಲೇ ಒಳಗೆ ಇರುವವರನ್ನು ಎಬ್ಬಿಸುವುದಿಲ್ಲ. ಬೆಳಗ್ಗೆ ತೆರೆದಿಟ್ಟು ಬಂದ ಕಪ್ಪು ಕಿಟಕಿ ಇನ್ನೂ ತೆರೆದಿದ್ದರೆ ಬಚಾವು. ಹೆಂಡತಿ ಮುಚ್ಚಿದ್ದರೆ ಮುಗಿಯಿತು ಕಥೆ. ಹೆಂಡತಿಗೆ ಫೋನು ಹಚ್ಚಿ, ಯಜಮಾನರಿಗೂ ಕೇಳಲಿ ಅಂತ ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ.

"ಆ ಕಪ್ಪು ಕಿಟಕಿ... ಇದೆಯಾ?"

"ಮುಚ್ಚೋಕೆ ಅಂತಲೇ ಕೂತಿದೀನಿ. ಮಕ್ಕಳು ಕಾಯ್ತಿದಾರೆ."

"ಬೇಡ! ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟಬೇಡ! ಅಲ್ಲ, ಮುಟ್ಟು. ನಾನು ಹೇಳಿದ ಹಾಗೆ ಮುಟ್ಟು."

ಹೇಳಿಕೊಟ್ಟ. ಒಂದೊಂದೇ ಅಕ್ಷರ, ಚುಕ್ಕಿ ಎಲ್ಲಿ, ಜಾಗ ಬಿಡುವುದು ಎಲ್ಲಿ. ಯಾರ ಮುಂದೆಯೂ ಬಾಯಿ ಬಿಡಬಾರದು ಅಂತ ಊರಿಗೆಲ್ಲ ಬೋಧಿಸಿದ್ದನ್ನು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದ. ಮೊದಲು ಆ ನಕಲು ಫೈಲಿನ ಕೊನೆಯ ಸಾಲನ್ನು ತೋರಿಸುವ ಆಜ್ಞೆ. ಸರಿಯಾದ ಫೈಲೇ ಹೌದೋ ಅಲ್ಲವೋ ನೋಡಬೇಕಲ್ಲ.

"ಕೊನೇಲಿ ಏನಿದೆ, ಓದು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

"ಏನಾಯ್ತು? ಓದು!"

"ಇದು ನನ್ನ ಹೆಸರು" ಅಂದಳು ಹೆಂಡತಿ. ದನಿ ಬೇರೆಯೇ ಆಗಿತ್ತು. "ಮದುವೆಯಾದ ಹೊಸತರಲ್ಲಿ ನೀವು ನನ್ನನ್ನ ಕರೀತಿದ್ದಿದ್ದು. ನೀವೇ ಈ ಲ್ಯಾಪ್‌ಟಾಪಿಗೂ ಇಟ್ಟಿರಿ. ಇದ್ಯಾಕೆ ನಿಮ್ಮ ಆಫೀಸಲ್ಲಿದೆ?"

"ಅದು... ಅಳಿಸಿಹೋಗಿದೆ. ವಾಪಸ್ ಹಾಕಬೇಕು."

"ಯಾರು ಅಳಿಸಿದ್ದು?"

ಬೀಗದಣ್ಣ ಯಜಮಾನರ ಮುಖ ನೋಡಿದ. ಅಲ್ಲಿ ಸಹಾಯವಿರಲಿಲ್ಲ. "ನಾನೇ" ಅಂದ. "ಯಾರೋ ಗೊತ್ತಿಲ್ಲದವರು ಅಂದುಕೊಂಡೆ."

ಅವನಿಗೆ ಆ ದಿನಗಳು ಒಟ್ಟಿಗೆ ನೆನಪಾದವು. ಪಟಪಟ ಅಂತ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದ ಹೊಸ ಹೆಂಡತಿ, ಅದಕ್ಕೇ ಇಟ್ಟ ಹೆಸರು, ಒಂದೇ ಲ್ಯಾಪ್‌ಟಾಪಿಗೆ ಇಬ್ಬರೂ ಆಡುತ್ತಿದ್ದ ಜಗಳ. ಯಾವತ್ತಿಂದ ಆ ಹೆಸರು ಬಿಟ್ಟೆ ಅನ್ನುವುದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಆ ಸಾಲನ್ನು ವಾಪಸ್ ಹಾಕುವ ಆಜ್ಞೆಯನ್ನು ಮೆಲ್ಲಗೆ ಹೇಳಿಕೊಟ್ಟ.

"ಎಲ್ಲಾ ಟೈಪ್ ಮಾಡಿದೀನಿ" ಅಂದಳು ಅವಳು. "ಎಂಟರ್ ಒಂದು ಬಾಕಿ. ಆ ಹೆಸರು ಹಿಡಿದು ಒಂದ್ಸಲ ಕರೀರಿ, ಒತ್ತುತೀನಿ."

"ಇಲ್ಲಿ ಎಲ್ಲರೂ ಇದಾರೆ ಕಣೇ."

"ಇರ್ಲಿ. ನನ್ನ ಕ್ಲಾಸಿಗೂ ಹೊತ್ತಾಯ್ತು."

"ಕರೀರಿ ಮಾರಾಯ್ರೇ, ಪ್ರೆಸ್ಸು ಕೈ ಬಿಟ್ಟುಹೋಗುತ್ತೆ!" ಅಂದರು ಯಜಮಾನರು.

ಪಾಸ್‌ವರ್ಡನ್ನು ಬೇರು ಸಮೇತ ಕಿತ್ತವನು ಗಂಟಲು ಸರಿಮಾಡಿಕೊಂಡು ಪಿಸುಗುಟ್ಟಿದ. "ಕೇಳಿಸ್ಲಿಲ್ಲ" ಅಂದಳು. ಕಣ್ಣು ಮುಚ್ಚಿಕೊಂಡು ಜೋರಾಗಿ ಕರೆದ: "ಚಿನಕುರಳೀ!" ಹೊರಗೆ ಮೇಜುಗಳ ಕಡೆ ಯಾರದೋ ಪೆನ್ನು ಕೆಳಗೆ ಬಿತ್ತು.

ಟಕ್ ಅಂತ ಸದ್ದಾಯಿತು. ಬಾಗಿಲು ತೆರೆಯಿತು. ಪುಟಗಳು ಹೋದವು, ಪ್ರೆಸ್ಸಿನವರು ಸಿಕ್ಕಿತು ಅಂದರು. ಯಜಮಾನರು ಕೊಟ್ಟ ಮಾತಿನಂತೆ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಜೊತೆಗೆ ಇನ್ನೊಂದು ಕೀಲಿಯನ್ನು ಪುಟ ಜೋಡಿಸುವಾಕೆಗೆ ಆ ಕ್ಷಣವೇ ಕೊಡಿಸಿದರು. ಟೀ ತರುವವಳು ಅವತ್ತು ಬಾಗಿಲು ತಟ್ಟದೆ ನೇರ ಒಳಗೆ ಬಂದಳು. ಅವನು ಯಾರು ಅಂತ ಕೇಳಲಿಲ್ಲ.

ಸಂಜೆ ಮನೆಯ ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದ.

"ಯಾರು?"

"ನಾನು."

"ನಾನು ಅಂದ್ರೆ ಯಾರು?" ಅಂದಳು ಒಳಗಿಂದ. "ಏನು ಆಧಾರ?"

ಮುಖ್ಯಸ್ಥ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ನಿನ್ನ ಹೆಸರು ಮರೆತೋನು" ಅಂದ.

ಒಳಗೆ ಚಿಲಕ ಸರಿದ ಸದ್ದು ಕೇಳಿಸಿತು.